ತಡವಾಗಿ ಬಂದ ಡೊಳ್ಳು

ನನ್ನ ರೆಕಾರ್ಡಿಂಗ್ ಕೋಣೆಯಲ್ಲಿ ಒಂದೇ ನಿಯಮ: ಕೆಂಪು ದೀಪ ಹತ್ತಿದ ಮೇಲೆ ಹಾಡುವವರು, ಬಾರಿಸುವವರ ಹೊರತು ಯಾರೂ ಸದ್ದು ಮಾಡಕೂಡದು. ಅವತ್ತು ಅದನ್ನು ಎಲ್ಲರೂ ಮುರಿದರು, ನಾನೂ ಸೇರಿ.

ಬರಗೂರಿನ ಹಾಡುಗಾರ್ತಿ ಕರಿಯಮ್ಮ, ದೇವರ ಹಾಡೊಂದನ್ನು ಉಳಿಸಿಡಬೇಕೆಂದು ಶಿರಾದ ನನ್ನ ಕೋಣೆಗೆ ಬಂದಿದ್ದರು. ಅದು ಪೂರ್ತಿ ಬರುವುದು ಈಗ ಅವರೊಬ್ಬರಿಗೇ. ಡೊಳ್ಳು ಬಾರಿಸುವ ಅವರ ತಮ್ಮ ಈರಣ್ಣನವರ ಬಲಗೈಗೆ ಪ್ಲಾಸ್ಟರ್. ಹಾಗಾಗಿ ಕಂಪ್ಯೂಟರಿನೊಳಗಿನ ಡೊಳ್ಳಿನ ಸದ್ದನ್ನು ಕೀಬೋರ್ಡಿಗೆ ಜೋಡಿಸಿ, ಎಡಗೈ ಬೆರಳಲ್ಲಿ ನುಡಿಸಲು ಅವರನ್ನು ಕೂರಿಸಿದೆ. ಅವರು ಒತ್ತಿ ಕೈ ತೆಗೆದ ಮೇಲೆ ಸದ್ದು ಬಂತು.

"ಏನ್ ಸಾ, ಇಲ್ಲಿ ಹೊಡುದ್ರೆ ಮಧುಗಿರೀಲಿ ಕೇಳುಸ್ತೈತೆ!" ಎಂದರು ಈರಣ್ಣ.

"ನಿಮ್ ಡೊಳ್ಳು ಬಸ್ಸಲ್ಲಿ ಬತ್ತೈತೇನಪ್ಪ?" ಎಂದರು ಕರಿಯಮ್ಮ. ಜೊತೆಗೆ ಬಂದಿದ್ದ ನೆಂಟರೆಲ್ಲ ನಕ್ಕರು. ನಾನು ನಗಲಿಲ್ಲ.

ಸೆಟ್ಟಿಂಗಿನಲ್ಲಿ ಬಫರ್ ತೀರಾ ದೊಡ್ಡದಿತ್ತು. ಕಂಪ್ಯೂಟರು ಸದ್ದನ್ನು ಕೂಡಿಟ್ಟುಕೊಂಡು ನಿಧಾನಕ್ಕೆ ಬಿಡುತ್ತಿತ್ತು. ಅದನ್ನು ಇಳಿಸಿದೆ. ಬೆರಳಿಟ್ಟ ಕೂಡಲೇ ಡೊಳ್ಳು ಗುಡುಗಿತು. ಹೆಡ್‌ಫೋನು ಒಲ್ಲೆನೆಂದು ಕರಿಯಮ್ಮ ಹಟ ಹಿಡಿದದ್ದರಿಂದ ಸ್ಪೀಕರಿನಲ್ಲೇ ಬಿಟ್ಟು, ದೀಪ ಹತ್ತಿಸಿದೆ.

ಎರಡನೇ ನುಡಿಗೆ ನೆಂಟನೊಬ್ಬ ಶಿಳ್ಳೆ ಹೊಡೆದ. ಇನ್ನಿಬ್ಬರು ಎದ್ದು ಕುಣಿದರು. ಈರಣ್ಣ "ಅಂಗೇ ಕಣಕ್ಕಾ!" ಎಂದು ಕೂಗಿದರು. ನೋಡಿದರೆ ನನ್ನ ಬೂಟೂ ನೆಲಕ್ಕೆ ತಾಳ ಹಾಕುತ್ತಿತ್ತು. ಹಾಡು ಕೆಟ್ಟಿತು, ಮೊದಲಿಂದ ತೆಗೆಯೋಣವೆಂದು ನಿಲ್ಲಿಸುವ ಗುಂಡಿಗೆ ಕೈ ಚಾಚಿದೆ. ಕರಿಯಮ್ಮ ಹಾಡುತ್ತಲೇ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಮುಂದಿನ ನುಡಿ ಎತ್ತಿದರು.