ಪಕ್ಕದಲ್ಲಿ ಬರೆದ ಹೆಸರು

ಅವರ ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ನಮ್ಮ ಜಗಲಿಯ ಮೇಲೆ ಕುಳಿತು, ಕಣ್ಣು ಮುಚ್ಚಿ, ತಲೆ ತೂಗುತ್ತ ವಂಶ ಹೇಳುವಾಗ ಆ ಕಣ್ಣಿನ ಬಿಳಿಯ ಗೆರೆಯೊಂದು ನಮ್ಮನ್ನೇ ನೋಡುತ್ತಿರುವಂತೆ ಕಾಣುತ್ತಿತ್ತು. ಅವರು ಹೆಳವರು. ಹೊಳಲಿನ ನಮ್ಮ ಕೇರಿಯ ಮನೆಮನೆಯ ವಂಶಾವಳಿಯನ್ನು ತಲೆಮಾರುಗಳಿಂದ ಬರೆದಿಟ್ಟುಕೊಂಡು ಬಂದ ಮನೆತನ ಅವರದು. ಸುಗ್ಗಿ ಮುಗಿದ ಮೇಲೆ ಮದ್ದೂರಿನ ಕಡೆಯಿಂದ ಎತ್ತಿನ ಮೇಲೆ ಬರುವರು. ಹಳೆಯ ಸೀರೆಯಲ್ಲಿ ಸುತ್ತಿದ ಪುಸ್ತಕದ ಗಂಟನ್ನು ನೆಲಕ್ಕೆ ಇಡುತ್ತಿರಲಿಲ್ಲ, ಅದು ತೊಡೆಯ ಮೇಲೇ ಇರಬೇಕು. ಆ ವರ್ಷ ಹುಟ್ಟಿದವರ, ಸತ್ತವರ, ಮದುವೆಯಾದವರ ಹೆಸರು ಕೇಳಿ ಬರೆದುಕೊಂಡು, ಕೊಟ್ಟ ರಾಗಿಯನ್ನೋ ಪಂಚೆಯನ್ನೋ ತೆಗೆದುಕೊಂಡು ಹೋಗುವರು. ಯಾರಾದರೂ ಪಕ್ಕದ ಮನೆಯ ಗುಟ್ಟು ಕೆದಕಿದರೆ, "ಅವ್ರ ಮನೆ ಮಾತ ಅವ್ರ ಮನೇಲೇ ಕೇಳಪ್ಪ" ಎಂದು ಬಾಯಿ ಮುಚ್ಚಿಸುವರು.

ನಮ್ಮಪ್ಪ ನನ್ನ ಹತ್ತನೆಯ ವಯಸ್ಸಿಗೆ ತೀರಿಕೊಂಡಿದ್ದ. ಹೆಳವಯ್ಯನ ಬಾಯಲ್ಲಿ ಅಪ್ಪನ ಹೆಸರಿನ ಬೆನ್ನಿಗೇ ನನ್ನ ಹೆಸರು ಬರುವುದನ್ನು ಕೇಳಲೆಂದೇ ನಾನು ಅವರ ದಾರಿ ಕಾಯುತ್ತಿದ್ದೆ.

ಎಪ್ಪತ್ತರ ದಶಕದ ಮೊದಲಲ್ಲಿ ನನಗೆ ಆತಗೂರಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಚಿಕ್ಕಪ್ಪ ಬಂಡೂರಿನಿಂದ ಹೆಣ್ಣು ಗೊತ್ತುಮಾಡಿದರು. ಹುಡುಗಿಯ ತಂದೆ ಆಗಲೇ ತೀರಿಕೊಂಡಿದ್ದರು. ನಾಲೆ ಕೆಲಸದ ಮೇಸ್ತ್ರಿಯಾಗಿದ್ದಾಗ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೆಲಕಾಲ ಬಾಡಿಗೆಗೆ ಇದ್ದವರಂತೆ, ಚಿಕ್ಕಪ್ಪನಿಗೆ ಹಳೆಯ ಗುರುತು. ಆ ಹೆಸರು ಕಿವಿಗೆ ಬಿದ್ದದ್ದೇ ಅವ್ವ, "ಈ ಸಂಬಂದ ಬ್ಯಾಡ" ಎಂದಳು.

"ಯಾಕ್ ಬ್ಯಾಡ? ಕಾರ್ಣ ಯೋಳು," ಚಿಕ್ಕಪ್ಪ ರೇಗಿದರು.

"ನಂಗೊಪ್ಗೆ ಇಲ್ಲ."

"ನಿನ್ ಒಪ್ಗೆ ಯಾರ್ ಕೇಳುದ್ರು?"

ನಾನೂ ಚಿಕ್ಕಪ್ಪನ ಕಡೆಗೇ ಇದ್ದೆ. ಹುಡುಗಿ ನನಗೆ ಹಿಡಿಸಿದ್ದಳು. ಅವ್ವ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಮದ್ದೂರಿಗೆ ಹೋಗಿಬಂದಳು.

ವೀಳ್ಯಶಾಸ್ತ್ರದ ದಿನ ಎರಡೂ ಕಡೆಯವರು ಕುಳಿತಿರುವಾಗ ಹೆಳವಯ್ಯ ಬಂದರು. ಅದು ಅವರು ಬರುವ ಕಾಲವಲ್ಲ. ಜಗಲಿ ಹತ್ತದೆ ಅಂಗಳದಲ್ಲೇ ನಿಂತು, "ಇದು ಆಗಾಕಿಲ್ಲ. ಎಲ್ಡೂ ಮನೆ ಒಂದೇ ಬೆಡಗು" ಎಂದರು. ನಮ್ಮಲ್ಲಿ ಒಂದೇ ಬೆಡಗಿನವರೆಂದರೆ ಒಡಹುಟ್ಟಿದವರ ಲೆಕ್ಕ, ಮದುವೆ ಕೂಡದು.

ಹುಡುಗಿಯ ದೊಡ್ಡಪ್ಪ ಎದ್ದು ನಿಂತರು. "ನಮ್ ಬೆಡಗು ನಮ್ಗೊತ್ತಿಲ್ವಾ? ಪುಸ್ತಕ ಬಿಚ್ಚಯ್ಯ, ನೋಡ್ಮ."

"ಬಿಚ್ಚಾಕಿಲ್ಲ."

"ಬರ್ದಿದ್ರೆ ತೋರ್ಸಾಕೇನ್ ರೋಗ?"

ಚಿಕ್ಕಪ್ಪ ಗಂಟನ್ನು ಕಿತ್ತುಕೊಳ್ಳಲು ಹೋದರು. ಹೆಳವಯ್ಯ ಅದನ್ನು ಅವುಚಿಕೊಂಡು ಬೋರಲು ಬಿದ್ದುಬಿಟ್ಟರು. ಬೆನ್ನಿಗೆ ನಾಲ್ಕು ಏಟು ಬಿದ್ದರೂ ಏಳಲಿಲ್ಲ. ಬಂಡೂರಿನವರು ಶಕುನ ಕೆಟ್ಟಿತೆಂದು ಎದ್ದು ಹೋದರು.

ತಿಂಗಳೊಳಗೆ ಅವರ ಹಿರಿಯರು ವಿಚಾರಿಸಿ, ಬೆಡಗು ಬೇರೆಯೇ ಎಂದು ಹೇಳಿಕಳಿಸಿದರು. ಅಷ್ಟರಲ್ಲಿ ಹುಡುಗಿಯನ್ನು ಬೇರೆ ಕಡೆಗೆ ಒಪ್ಪಿಸಿ ಆಗಿತ್ತು. ಮುಂದಿನ ಸುಗ್ಗಿಯಲ್ಲಿ ಹೊಳಲಿನ ಒಂದು ಮನೆಯೂ ಹೆಳವಯ್ಯನನ್ನು ಜಗಲಿಗೆ ಕರೆಯಲಿಲ್ಲ. ನಮ್ಮ ಬಾಗಿಲಿಗೆ ಬಂದಾಗ ನಾನೇ ಅಡ್ಡ ನಿಂತೆ. "ನಮ್ಮಪ್ಪನ ಎಸ್ರು ಇನ್ ನಿನ್ ಬಾಯಲ್ಲಿ ಬರ್ಬಾರ್ದು" ಎಂದೆ.

"ಆಯ್ತು ಬುಡಪ್ಪ" ಎಂದವರೇ ಎತ್ತನ್ನು ತಿರುಗಿಸಿದರು. ಮತ್ತೆ ಬರಲಿಲ್ಲ.

ನಾಲ್ಕು ವರ್ಷದ ಮೇಲೆ ಅವ್ವ ಮಂಡ್ಯದ ಆಸ್ಪತ್ರೆ ಸೇರಿದಳು. ತಾನು ಉಳಿಯುವುದಿಲ್ಲವೆಂದುಕೊಂಡು, ಗೋಡೆಯ ಕಡೆ ತಿರುಗಿ ಮಲಗಿ, ನನಗೆ ಎಲ್ಲವನ್ನೂ ಹೇಳಿದಳು. ಅಪ್ಪ ಕ್ಷಯ ಹಿಡಿದು ಮೈಸೂರಿನ ಆಸ್ಪತ್ರೆಗೂ ಮನೆಗೂ ಓಡಾಡುತ್ತಿದ್ದ ಕಾಲವಂತೆ ಅದು. ನಾನು ಹುಟ್ಟಿದ್ದು ಮುಂದಿನ ಕೋಣೆಯ ಮೇಸ್ತ್ರಿಗೆ. ಊರಿಗೆ ಅನುಮಾನ ಬರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇವ್ನು ನನ್ ಮಗ" ಎಂದು ಹೆಸರಿಟ್ಟನಂತೆ. ಅಜ್ಜಿ ಮಾತ್ರ ಹೆಳವಯ್ಯನನ್ನು ಕೊಟ್ಟಿಗೆಗೆ ಕರೆದು, "ಉಟ್ಟುಸ್ದೋನ್ ಎಸ್ರೂ ಪಕ್ಕದಲ್ಲಿ ಬರ್ಕೊಳಯ್ಯ, ಓದ್ಬ್ಯಾಡ. ನಾಳೆ ಗೊತ್ತಿಲ್ದೆ ಅಣ್ಣ ತಂಗೀನೇ ಅಸೆಮಣೆ ಮ್ಯಾಲೆ ಕೂರುಸ್ಬುಟ್ಟಾರು" ಎಂದಿದ್ದಳಂತೆ. ಅಂದು ಅಂಗಳದಲ್ಲಿ ಅವರು ಏಟು ತಿಂದು ಕಾಪಾಡಿದ್ದು ಆ ಒಂದು ಪುಟವನ್ನು.

ಮರುದಿನವೇ ಮದ್ದೂರಿನಾಚೆ ಅವರ ಗುಡಿಸಲು ಹುಡುಕಿಕೊಂಡು ಹೋದೆ. ಎತ್ತು ಮಾರಿಹೋಗಿತ್ತು, ಮಕ್ಕಳು ಕೂಲಿಗೆ ಹೋಗಿದ್ದರು. ಅವರು ಹಾಸಿಗೆ ಹಿಡಿದಿದ್ದರು. ಕಾಲು ಹಿಡಿದುಕೊಂಡೆ. ನಾನು ಕೇಳುವ ಮೊದಲೇ ಪುಸ್ತಕ ಬಿಚ್ಚಿ ತೋರಿಸಿದರು. ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರು, ದಪ್ಪ ಅಕ್ಷರದಲ್ಲಿ. ಅಂಚಿನಲ್ಲಿ ಇರುವೆಯಷ್ಟು ಸಣ್ಣಗೆ ಇನ್ನೊಂದು ಹೆಸರು.

"ಊರ್ಗೆ ಬನ್ನಿ. ನೀವು ಸುಳ್ಳ ಅಲ್ಲ ಅಂತ ಎಲ್ರ ಮುಂದೂ ಯೋಳ್ತೀನಿ" ಎಂದೆ.

"ಸುಳ್ಳು ಯೋಳಿದ್ದು ದಿಟವೇಯಲ್ಲಪ್ಪ. ಬೆಡಗು ಒಂದಲ್ಲ." ಪುಸ್ತಕವನ್ನು ಮತ್ತೆ ಸೀರೆಯಲ್ಲಿ ಸುತ್ತುತ್ತ ಕೇಳಿದರು: "ಓಗಿ ಏನಂತ ಯೋಳೀಯೆ? ನಿಮ್ಮವ್ವ ಇನ್ನೂ ಅವ್ಳೆ. ಅಲ್ಲಿ ಆ ಎಣ್ಣಿನ್ ತಾಯೂ ಅವ್ಳೆ."

ಅವರ ಕಾಲ ಬಳಿ ಕುಳಿತೇ ಇದ್ದೆ. ಅವರೇ, "ಬಸ್ ತಪ್ಪೋಯ್ತದೆ, ಏಳು" ಎಂದು ಕಳಿಸಿದರು.

ಅವ್ವ ಉಳಿದುಕೊಂಡಳು. ಹೆಳವಯ್ಯ ಆ ಬೇಸಿಗೆಯಲ್ಲೇ ತೀರಿಕೊಂಡರು. ಹೊಳಲಿನಿಂದ ಮಣ್ಣಿಗೆ ಹೋದವನು ನಾನೊಬ್ಬನೇ. "ಆ ಸುಳ್ಳನ್ ಮಣ್ಗೆ ನೀನ್ಯಾಕ್ಲಾ ಓಗಿದ್ದೆ?" ಎಂದು ಚಿಕ್ಕಪ್ಪ ಕೇಳಿದರೆ, ಹಿತ್ತಿಲಿಗೆ ಹೋಗಿ ನಿಂತೆ.

ಕೆಲವು ತಿಂಗಳಾದ ಮೇಲೆ ಮಳವಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಳು. ಕಂಕುಳಲ್ಲಿ ಮಗು. ಗುರುತು ಹಿಡಿದು ತಾನೇ ಮಾತಾಡಿಸಿದಳು.

"ಆ ಎಳವಯ್ಯ ಸತ್ನಂತೆ? ಸತ್ತೋರ್ನ ಅನ್ಬಾರ್ದು. ಆದ್ರೂ ನಮ್ಮಪ್ಪನ್ ಮನೆಗೆ ಮಸಿ ಬಳ್ದೋದ ಕಣ್ರೀ, ಸುಳ್ಳ."

ಮಗು ನನ್ನ ಕನ್ನಡಕಕ್ಕೆ ಕೈಚಾಚಿತು. ಅವರು ಸುಳ್ಳರಲ್ಲ ಕಣಮ್ಮ ಎನ್ನಲು ಬಾಯಿ ತೆರೆದೆ.

"ಬಸ್ ಬಂತು. ಉಷಾರಾಗಿ ಓಗಮ್ಮ" ಎಂದು ಅವಳ ಚೀಲ ಎತ್ತಿಕೊಟ್ಟೆ.