ಊರಿಗೆ ಹೋದ ಭಾವ ಮತ್ತು ಐರೋಲಿಯ ಫೀಸು

ಮಾತಾಡುವುದಕ್ಕೆ ಫೀಸು ಎಂದು ಮಗಳು ಹೇಳಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಮುಂಬಯಿ ಹತ್ತಿರದ ಕಳವಾ ಎಂಬಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಬಂದವರ ಕಷ್ಟಸುಖವನ್ನೆಲ್ಲ ನನ್ನ ಗಂಡ ಗಲ್ಲಾದಲ್ಲಿ ಕೂತು ಪುಕ್ಕಟೆ ಕೇಳುತ್ತಾರೆ. ಕೇಳಿದ್ದಕ್ಕೆ ಯಾರೂ ಅವರಿಗೆ ಒಂದು ಚಹಾ ಕುಡಿಸಿದ್ದಿಲ್ಲ.

ಆದರೆ ಅವರು ಸೊರಗುತ್ತಿದ್ದದ್ದು ನಿಜ. ಅವರ ಅಣ್ಣ, ಅಂದರೆ ನನ್ನ ಭಾವ, ಮದುವೆಗೆಂದು ಉಡುಪಿಗೆ ಹೋದವರು ಅಲ್ಲಿಯೇ ಎದೆನೋವು ಬಂದು ತೀರಿಕೊಂಡಿದ್ದರು. ಇಬ್ಬರೂ ಸೇರಿ ಕಟ್ಟಿದ ಹೋಟೆಲು ಇದು. ಕ್ರಿಯೆ ಮುಗಿಸಿ ಬಂದ ಮೇಲೆ ಇವರು ಅಳಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಗಿರಾಕಿಗಳು "ಬಡೇ ಅಣ್ಣಾ ಕಿಧರ್?" ಎಂದರೆ "ಗಾಂವ್ ಗಯೇ", ಊರಿಗೆ ಹೋಗಿದ್ದಾರೆ, ಎಂದು ನಗುತ್ತಿದ್ದರು. ತಿನ್ನಲು ಬಂದವರ ಎದುರು ಸಾವಿನ ಸುದ್ದಿ ಎತ್ತಬಾರದು ಎಂಬುದು ಭಾವನೇ ಮಾಡಿಟ್ಟ ಕಾನೂನು. ಹಾಗಾಗಿ ಭಾವ ತಿಂಗಳುಗಟ್ಟಲೆ ಊರಲ್ಲೇ ಉಳಿದರು, ಇವರ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು.

ಮಗಳು ಐರೋಲಿಯಲ್ಲಿ ತನ್ನ ಆಫೀಸಿನ ಹತ್ತಿರ ಕನ್ನಡ ಬಲ್ಲ ಥೆರಪಿಸ್ಟ್ ಒಬ್ಬರನ್ನು ಹುಡುಕಿದಳು. "ಅಮ್ಮಾ ಪ್ಲೀಸ್, ಪೈಸೇ ಮೈಂ ದೂಂಗೀ" ಎಂದಳು.

"ಆ ದುಡ್ಡು ನನಗೆ ಕೊಡು. ತಿಂಗಳಿಡೀ ನಾನೇ ಮಾತಾಡಿಸ್ತೇನೆ ನಿನ್ನ ಅಪ್ಪನನ್ನು" ಎಂದೆ. ಅವಳು ಕೇಳಬೇಕಲ್ಲ.

ಇವರು ಮೊದಲ ದಿನವೇ ಇಡ್ಲಿ ವಡೆ ಪಾರ್ಸೆಲ್ ಕಟ್ಟಿಕೊಂಡು ಹೊರಟರು. ಬರಿಗೈಯಲ್ಲಿ ಹೋಗುವುದು ಹೇಗಂತೆ! ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದರೆ ಒಳಗಿನಿಂದ ನಗು ಕೇಳಿಸುತ್ತಿತ್ತು.

"ಎಂತ ಮಾತಾಡಿದ್ರಿ?" ಹೊರಗೆ ಬಂದವರನ್ನು ಕೇಳಿದೆ.

"ಪಾಪದ ಹುಡುಗಿ ಮಾರಾಯ್ತಿ. ಅವಳು ಮಾಡಿದ ಇಡ್ಲಿ ಗಟ್ಟಿ ಆಗ್ತದಂತೆ. ಉದ್ದು ಎಷ್ಟು ಹಾಕ್ಬೇಕು ಅಂತ ಹೇಳಿಕೊಟ್ಟೆ."

ಇಡ್ಲಿ ಕಲಿಸಿದವರು ಇವರು, ಫೀಸು ಕೊಟ್ಟದ್ದೂ ನಮ್ಮ ಮಗಳೇ! ಮುಂದಿನ ವಾರವೂ ಇದೇ ಕಥೆ. ಅದರ ಮುಂದಿನ ವಾರ ಆಕೆ ನನ್ನನ್ನೂ ಒಳಗೆ ಕರೆದಳು.

"ಇವರ ಅಣ್ಣ ಊರಿಂದ ಬಂದ್ಮೇಲೆ ಅವ್ರನ್ನೂ ಒಂದ್ಸಲ ಕರ್ಕೊಂಡ್ ಬನ್ನಿ. ಇವರಿಗೆ ಅವರಂದ್ರೆ ಪ್ರಾಣ ಅನ್ಸುತ್ತೆ" ಎಂದಳು.

ನಾನು ಗಂಡನ ಮುಖ ನೋಡಿದೆ. ಅವರು ಫ್ಯಾನು ನೋಡುತ್ತಿದ್ದರು. ಮಗಳಿಂದ ಫೀಸು ಕೊಡಿಸಿ ಇಲ್ಲಿಯೂ ಊರಿಗೆ ಹೋಗಿದ್ದಾರೆ ಎಂದೇ ಹೇಳಿದ್ದಾರೆ! ನನಗೆ ನಗು ಉಕ್ಕಿ ಬಂತು, ತಡೆಯಲು ಆಗಲಿಲ್ಲ, ನಗುತ್ತಲೇ ಕಣ್ಣಲ್ಲಿ ನೀರು ಸುರಿಯಿತು. "ಅವರು ಬರುವುದಿಲ್ಲ ಮೇಡಂ. ತೀರಿ ಹೋಗಿದ್ದಾರೆ" ಎಂದೆ. ಗಂಡನ ಎದುರು ಆ ಮಾತನ್ನು ನಾನೂ ಅವತ್ತೇ ಮೊದಲ ಸಲ ಆಡಿದ್ದು.

ಆಕೆ ಧೈರ್ಯ ತಗೊಳ್ಳಿ ಎನ್ನಲಿಲ್ಲ, ದೇವರ ಇಚ್ಛೆ ಎನ್ನಲಿಲ್ಲ. ಕುರ್ಚಿಯನ್ನು ಇವರ ಹತ್ತಿರಕ್ಕೆ ಎಳೆದುಕೊಂಡಳು. ಆಗ ಇವರು "ಹೌದು, ಅಣ್ಣ ಇಲ್ಲ" ಎಂದು ಬಿಕ್ಕಿ ಬಿಕ್ಕಿ ಅತ್ತರು.

ಮನೆಗೆ ಮರಳುವ ಟ್ರೇನಿನಲ್ಲಿ ನಾನು ಮಾತ್ರ ಬಿಡಲಿಲ್ಲ. "ಬಾಯಿ ಬಿಟ್ಟದ್ದು ನಾನು, ದುಡ್ಡು ಅವಳಿಗಾ?" ಇವರು ನಕ್ಕರು. ಸ್ಟೇಷನ್ನಿನಲ್ಲಿ ಎರಡು ವಡಾಪಾವ್ ತಿಂದು, ಚಟ್ನಿ ಸರಿಯಿಲ್ಲ ಎಂದು ಹೆಸರಿಟ್ಟರು. ಆ ಫೀಸು ಹೆಚ್ಚೇ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಅವರು ಹೊಟ್ಟೆ ತುಂಬ ತಿಂದದ್ದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮರುದಿನ ಬೆಳಿಗ್ಗೆ ರೈಲ್ವೆ ಕಾರ್‌ಶೆಡ್ಡಿನ ಹಳೆಯ ಗಿರಾಕಿಯೊಬ್ಬರು ದೋಸೆ ತಿನ್ನುತ್ತಾ "ಬಡೇ ಅಣ್ಣಾ ಅಭೀ ತಕ್ ಗಾಂವ್ ಮೇಂ?", ಇನ್ನೂ ಊರಲ್ಲೇ ಇದ್ದಾರಾ, ಎಂದು ಕೇಳಿದರು. ನಾನು ಅಡುಗೆಮನೆಯ ಬಾಗಿಲಿಗೆ ಬಂದೆ.

"ನಹೀಂ ಭಾಯ್. ಗುಜರ್ ಗಯೇ" ಎಂದು ಅಣ್ಣ ತೀರಿಹೋದದ್ದನ್ನು ಇವರೇ ಹೇಳಿದರು.

ಆ ಮನುಷ್ಯ ದೋಸೆ ಅಲ್ಲಿಗೇ ಬಿಟ್ಟು, ಕೈ ತೊಳೆದು, ಗಲ್ಲಾದ ಎದುರು ಬಂದು ನಿಂತು ಇವರನ್ನು ಚೆನ್ನಾಗಿ ಬೈದರು. ಹೇಳಬಾರದಿತ್ತಾ, ಹೆಗಲು ಕೊಡಲು ನಾವು ಉಡುಪಿಯವರೆಗೂ ಬರುತ್ತಿದ್ದೆವು ಎಂದು ಬೈಯುತ್ತಲೇ ಅತ್ತರು. ಇವರು ಗಲ್ಲಾ ಬಿಟ್ಟು ಎದ್ದು ಬಂದು ಅವರ ಒದ್ದೆ ಕೈಗಳನ್ನು ಹಿಡಿದುಕೊಂಡರು.