ಬಾಯ್ಲರ್ ಮನೆಗೆ ಹೊಕ್ಕ ಕಳ್ಳ

ಎಲಿನೋರ್ ಬ್ರಾಸ್ಕ್ ಯಾರ ಮನೆಗೆ ಊಟಕ್ಕೆ ಹೋದರೂ ಕೂತಲ್ಲಿ ಕೂರುವ ಹೆಂಗಸಲ್ಲ. ತಟ್ಟೆಗೆ ಆಲೂಗಡ್ಡೆ ಬೀಳುವಷ್ಟರಲ್ಲಿ ಎದ್ದು ಕಿಟಕಿಯ ಹತ್ತಿರ ಹೋಗಿ, ಊರಾಚೆಯ ಚಿಮಣಿಯ ಹೊಗೆ ಯಾವ ಬಣ್ಣಕ್ಕಿದೆ ಎಂದು ನೋಡಿ ಬರುತ್ತಾಳೆ. ಬೆಳ್ಳಗಿದ್ದರೆ ಊಟ ಮುಂದುವರಿಯುತ್ತದೆ. ಕಪ್ಪಗಿದ್ದರೆ ಕೋಟು ಹಾಕಿಕೊಂಡು ಹೊರಟೇ ಬಿಡುತ್ತಾಳೆ. ಅವಳ ಗಂಡ ಎವಾಲ್ಡ್ ಇಬ್ಬರ ಪಾಲಿನ ಸಿಹಿಯನ್ನೂ ಒಬ್ಬನೇ ತಿಂದು ಮನೆಗೆ ನಡೆಯುತ್ತಾನೆ. ನಿನ್ನ ಹೊಟ್ಟೆ ಬೆಳೆಸಿದ್ದು ನಮ್ಮೂರಿನ ಚಿಮಣಿ ಎಂದು ನಾನು ಅವನನ್ನು ಎಷ್ಟೋ ಸಲ ರೇಗಿಸಿದ್ದೇನೆ.

ನಮ್ಮದು ವಿಡ್ಲೆವ್, ಡೆನ್ಮಾರ್ಕಿನ ಉತ್ತರ ಭಾಗದಲ್ಲಿ, ಫ್ಯೋರ್ಡ್ ಎನ್ನುವ ಕಡಲ ಚಾಚಿನ ದಂಡೆಯಲ್ಲಿರುವ ಹಳ್ಳಿ. ಊರಿಗೆಲ್ಲ ಒಂದೇ ಒಲೆ. ಗೋಧಿ ಹುಲ್ಲಿನ ದೊಡ್ಡ ದೊಡ್ಡ ಪೆಂಡಿಗಳನ್ನು ಕ್ರೇನ್ ಎತ್ತಿ ಒಲೆಗೆ ಹಾಕುತ್ತದೆ, ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಮನೆಮನೆಯ ಗೋಡೆಗೆ ಕೂರಿಸಿದ ರೇಡಿಯೇಟರಿಗೆ ಹೋಗಿ ಕೋಣೆಯನ್ನು ಬೆಚ್ಚಗಿಡುತ್ತದೆ. ಈ ಬಾಯ್ಲರ್ ಮನೆಗೆ ಸಾಹುಕಾರ ಅಂತ ಯಾರೂ ಇಲ್ಲ. ಬಿಸಿನೀರು ತಗೊಳ್ಳುವ ಪ್ರತಿ ಮನೆಯೂ ಪಾಲುದಾರ. ನಾನು ಅದರ ಸಮಿತಿಯ ಕಾರ್ಯದರ್ಶಿ, ಎಲಿನೋರಳ ಪಕ್ಕದ ಮನೆಯವಳು ಬೇರೆ. ಹಾಗಾಗಿ ಅವಳ ಬಗ್ಗೆ ನನಗೆ ಗೊತ್ತಿಲ್ಲದ್ದು ಕಡಿಮೆ, ಗೊತ್ತಿದ್ದೂ ಹೇಳದೆ ಇರುವುದು ಇನ್ನೂ ಕಡಿಮೆ.

ಅವಳು ಮೀನು ಮಾರುವವನ ಮಗಳು. ಇನ್ನೂ ಹುಡುಗಿಯಾಗಿದ್ದಾಗಲೇ ಹಡಗಿನ ಎಂಜಿನ್ ಕೋಣೆ ಸೇರಿ, ನಾರ್ವೆಗೆ ಹೋಗಿಬರುವ ಹಡಗಿನಲ್ಲಿ ಅಷ್ಟು ಗಂಡಸರ ನಡುವೆ ಒಬ್ಬಳೇ ದುಡಿದಳು. ಎವಾಲ್ಡನನ್ನು ಮದುವೆಯಾಗಿ ದಡಕ್ಕಿಳಿದ ಮೇಲೂ ಎಂಜಿನ್ನಿನ ಸದ್ದು ನಿಂತ ಕೂಡಲೇ ಎದೆ ಧಸಕ್ಕೆನ್ನುವ ಅಭ್ಯಾಸ ಹೋಗಲಿಲ್ಲ. ಅವಳನ್ನು ಬಾಯ್ಲರ್ ಮನೆಯ ಕೆಲಸಕ್ಕೆ ತಗೊಂಡವನು ಆಗಿನ ಅಧ್ಯಕ್ಷ ವಿಗೋ. ಊರಿಗೆ ಈ ಒಲೆ ಬಂದದ್ದೇ ವಿಗೋನಿಂದ. ಮನೆಯೊಳಗಿನ ಎಣ್ಣೆ ಒಲೆ ಬಿಡಲೊಪ್ಪದ ಒಬ್ಬೊಬ್ಬರ ಮನೆಗೂ ಸೈಕಲ್ಲಿನಲ್ಲಿ ಹೋಗಿ, ಅವರು ಕೊಟ್ಟ ಕಾಫಿಯನ್ನೆಲ್ಲ ಕುಡಿದು, ಒಪ್ಪಿಸಿಯೇ ಎದ್ದುಬಂದವನು ಅವನು. ಎಲಿನೋರಳಿಗೆ ಅವನೆಂದರೆ ತಂದೆಯಷ್ಟೇ ಗೌರವ. ಚಳಿಗಾಲದಲ್ಲಿ ಊರಿನ ಒಂದು ಮನೆಯೂ ತಣ್ಣಗಾಗಕೂಡದು ಎನ್ನುವುದು ಅವಳಿಗೆ ಕೆಲಸದ ಮಾತಾಗಿರಲಿಲ್ಲ, ಮರ್ಯಾದೆಯ ಮಾತಾಗಿತ್ತು.

ಒಲೆಯನ್ನು ನಡೆಸುವುದು ಒಂದು ಹಳೇ ಕಂಪ್ಯೂಟರ್. ಕ್ರೇನ್ ಯಾವ ಪೆಂಡಿ ಎತ್ತಬೇಕು, ನೀರು ಎಷ್ಟು ಕಾಯಬೇಕು ಎಂದು ಹೇಳುವುದೆಲ್ಲ ಅದೇ. ಅದರೊಳಗಿನ ಕ್ರೇನ್ ಪ್ರೋಗ್ರಾಮ್ ಬರೆದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಪ್ರೋಗ್ರಾಮಿಗೆ ಹೊಂದುವುದು ಹಳೇ ಆಪರೇಟಿಂಗ್ ಸಿಸ್ಟಮ್. ಆ ಸಿಸ್ಟಮ್ಮಿಗೋ ಈಗ ಹೇಳುವವರು ಕೇಳುವವರು ಯಾರೂ ಇಲ್ಲ, ಅದರಲ್ಲಿ ತೂತು ಕಂಡರೆ ಮುಚ್ಚುವವರೂ ಇಲ್ಲ. ದಿನಾ ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಹಳದಿ ಚೌಕವೊಂದು ಮೂಡುತ್ತಿತ್ತು: ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ನಿಮಗೆ ರಕ್ಷಣೆಯಿಲ್ಲ. ಎಲಿನೋರ್ ದಿನಾ ಬೆಳಿಗ್ಗೆ ‘ಆಮೇಲೆ’ ಒತ್ತುತ್ತಿದ್ದಳು. ಒತ್ತಿ ನೆಮ್ಮದಿಯಾಗಿರುತ್ತಿದ್ದಳೇ ಎಂದರೆ ಅದೂ ಇಲ್ಲ. ಆಗಾಗ ವಾಪಸು ಬಂದು, ಖಾಲಿಯಾದ ಆ ಮೂಲೆಯನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಹೋದ ವರ್ಷ ಎಲೆ ಉದುರುವ ಕಾಲಕ್ಕೆ ಪಕ್ಕದ ಊರಿನ ನೀರು ಸರಬರಾಜಿನ ಕಂಪ್ಯೂಟರಿಗೆ ಯಾವುದೋ ದೇಶದ ಕಳ್ಳರು ಕೂತಲ್ಲಿಂದಲೇ ನುಗ್ಗಿ ಬೀಗ ಜಡಿದು, ತೆಗೆಯಲು ದುಡ್ಡು ಕೇಳಿದರು. ಅಲ್ಲಿಗೆ ಅವಳ ಇದ್ದಬದ್ದ ನೆಮ್ಮದಿಯೂ ಹೋಯಿತು. ನಮ್ಮೂರ ಶಾಲೆಯವರು ಎಸೆದ ಕಂಪ್ಯೂಟರೊಂದನ್ನು ಹೊತ್ತು ತಂದು ಊಟದ ಮೇಜಿನ ಮೇಲಿಟ್ಟು, ಅದಕ್ಕೆ ಹೊಸ ಸಿಸ್ಟಮ್ ಹಾಕಿ, ಕ್ರೇನ್ ಪ್ರೋಗ್ರಾಮ್ ತೆರೆದು ನೋಡಿದಳು. ತೆರೆಯಿತು. ನಾನು ಸಕ್ಕರೆ ಕೇಳಲು ಹೋದಾಗ ಗಂಡ ಹೆಂಡಿರ ನಡುವೆ ಅದೇ ಮಾತು ನಡೆದಿತ್ತು.

“ನಡೀತಲ್ಲ ಕಣೇ, ಇನ್ನೇನು? ಮೇಜು ಬಿಟ್ಕೊಡು,” ಎಂದ ಎವಾಲ್ಡ್. ಅವನು ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ರೈ ಬ್ರೆಡ್ ತಿನ್ನುತ್ತಿದ್ದ.

“ತೆರ್ಕೊಳ್ತು ಅಷ್ಟೆ. ಇಲ್ಲಿ ಕ್ರೇನ್ ಎಲ್ಲಿದೆ? ಅಲ್ಲಿ ಹೋಗಿ ಪೆಂಡಿ ಎತ್ತಲ್ಲ ಅಂದ್ರೆ ನೀನು ಎತ್ತುತೀಯಾ?”

“ಹಾಗಾದ್ರೆ ಮೇ ತಿಂಗಳಲ್ಲಿ ಮಾಡು. ಕೆಟ್ರೂ ಯಾರಿಗೂ ಚಳಿ ಆಗಲ್ಲ.”

“ಮೇ ತನಕ ಕಳ್ಳ ಕಾಯ್ಕೊಂಡಿರ್ತಾನಾ?”

“ನಂಗೇನ್ ಗೊತ್ತು? ನಾನು ಇಲ್ಲಿ ಕೂತ್ಕೊಳ್ಳೋಕೆ ಕಾಯ್ತಿದೀನಿ.”

ಹೊಸ ಅಧ್ಯಕ್ಷ ಆಂಕರ್ ವಿಮೆ ಕಂಪನಿಯಲ್ಲಿ ದುಡಿದು ನಿವೃತ್ತನಾದವನು. ಜಗತ್ತಿನಲ್ಲಿ ಏನೇನು ಕೆಡಬಹುದು ಎನ್ನುವುದು ಅವನಿಗೆ ಬಾಯಿಪಾಠ. ಅವನು ಬಾಯ್ಲರ್ ಮನೆಗೆ ಬಂದಾಗಲೆಲ್ಲ ಅದೇ ರಾಗ.

“ಬಾಗ್ಲಿಗೆ ಚಿಲಕ ಇಲ್ಲ ಅಂತ ಗೊತ್ತಿದ್ದೂ ಹೇಗೆ ಸುಮ್ನಿರ್ತೀಯ ಎಲಿನೋರ್?”

“ಚಿಲಕ ಹಾಕೋಕೆ ಹೋಗಿ ಬಾಗ್ಲೇ ಕೈಗೆ ಬಂದ್ರೆ?”

“ಬೇರೆ ಊರವರೆಲ್ಲ ಮಾಡ್ಕೊಂಡಿದಾರೆ.”

“ಬೇರೆ ಊರಲ್ಲಿ ಈ ಕ್ರೇನ್ ಇಲ್ಲ ಮಾರಾಯ.”

ಇಬ್ಬರು ಹೇಳುವುದೂ ಸರಿ, ಅದೇ ತಲೆನೋವು. ಒಬ್ಬರದು ತಪ್ಪಾಗಿದ್ದರೆ ಬೈದು ಮುಗಿಸಬಹುದಿತ್ತು.

ಇಲ್ಲಿ ಪಾಸ್‌ವರ್ಡಿನ ಸಂಗತಿ ಹೇಳಬೇಕು. ಮನೆಯಲ್ಲಿ ಕೂತೇ ಒಲೆಯನ್ನು ನೋಡಲು, ಬೇಕಾದರೆ ಬಿಸಿ ಹೆಚ್ಚು ಕಡಿಮೆ ಮಾಡಲು ಒಂದು ಪಾಸ್‌ವರ್ಡ್ ಇತ್ತು. ಎಲಿನೋರ್ ಕಾಯಿಲೆ ಬಿದ್ದರೆ ಯಾರಾದರೂ ನೋಡಿಕೊಳ್ಳಲಿ ಎಂದು ಸಮಿತಿಗೆ ಬಂದವರಿಗೆಲ್ಲ ಅದನ್ನೇ ಕೊಡುತ್ತಿದ್ದರು. ಸಮಿತಿ ಬಿಟ್ಟು ಹೋದ ಮೇಲೂ ಅದು ಅವರ ಹತ್ತಿರವೇ ಉಳಿಯುತ್ತಿತ್ತು. ಎಲ್ಲರಿಗೂ ಒಂದೇ ಆದ್ದರಿಂದ ಒಳಗೆ ಬಂದವರು ಯಾರೆಂದು ಕಂಪ್ಯೂಟರಿಗೆ ತಿಳಿಯುವಂತಿರಲಿಲ್ಲ. ಬದಲಾಯಿಸಬೇಕೆಂದು ಯಾರಿಗೂ ಅನಿಸಲಿಲ್ಲ, ಅಷ್ಟೆಲ್ಲ ಹೆದರುವ ಆಂಕರನಿಗೂ ಅನಿಸಲಿಲ್ಲ. ರಸ್ತೆ ಬದಿಯಲ್ಲಿ ಆಲೂಗಡ್ಡೆ ಚೀಲಗಳನ್ನೂ ದುಡ್ಡಿನ ಡಬ್ಬಿಯನ್ನೂ ಇಟ್ಟು ಮನೆಗೆ ಹೋಗಿ ಮಲಗುವ ಜನ ನಾವು. ಪಾಸ್‌ವರ್ಡ್ ಬದಲಾಯಿಸುವುದೆಂದರೆ ನೆಂಟರು ಎದ್ದು ಹೋದ ಮೇಲೆ ಚಮಚ ಎಣಿಸಿದ ಹಾಗೆ.

ಮೊದಲ ಹಿಮ ಬಿದ್ದ ಮೇಲೆ ಒಂದು ಮಧ್ಯಾಹ್ನ ಎಲಿನೋರ್ ಪರದೆ ನೋಡಿದಾಗ, ಊರಿಗೆ ಹೋಗುವ ನೀರಿನ ಬಿಸಿಯನ್ನು ಯಾರೋ ಎರಡು ಡಿಗ್ರಿ ಏರಿಸಿದ್ದರು. ತಾನೇ ಎಲ್ಲೋ ತಪ್ಪಿ ಒತ್ತಿರಬೇಕೆಂದುಕೊಂಡು ಇಳಿಸಿದಳು. ಮರುದಿನ ಮತ್ತೆ ಏರಿತ್ತು. ಮತ್ತೆ ಇಳಿಸಿದಳು. ಅದರ ಮರುದಿನವೂ ಅದೇ. ಎರಡು ಡಿಗ್ರಿ ಹೆಚ್ಚಾದರೆ ಒಂದಿಷ್ಟು ಹುಲ್ಲು ಹೆಚ್ಚು ಉರಿಯುತ್ತದೆ, ಮತ್ತೇನಿಲ್ಲ. ಆದರೆ ಆ ಕೈ ಯಾರದು ಎಂಬ ಪ್ರಶ್ನೆ ಅವಳನ್ನು ಬೇಯಿಸತೊಡಗಿತು.

“ಬೀಗ ಜಡಿಯೋಕೆ ಮುಂಚೆ ಕೈ ಆಡಿಸಿ ನೋಡ್ತಿದಾನೆ ಕಣೇ ಗ್ರೇಥೆ,” ಎಂದಳು ನನ್ನ ಅಡುಗೆಮನೆಯಲ್ಲಿ ಶತಪಥ ಹಾಕುತ್ತ. “ಆ ಹಳೇ ಸಿಸ್ಟಮ್ಮಿನ ತೂತಲ್ಲೇ ಬಂದಿದಾನೆ.”

“ಇಂಟರ್ನೆಟ್ಟಿನ ತಂತಿ ಕಿತ್ತುಹಾಕು, ಪೀಡೆ ಹೋಗತ್ತೆ.”

“ಕಿತ್ರೆ ಒಲೆ ಆರಿದಾಗ ನನ್ನ ಫೋನಿಗೆ ಬರೋ ಕೂಗೂ ಬರಲ್ಲ. ಹಗಲೂ ರಾತ್ರಿ ನಾನು ಅದರ ಎದುರೇ ಕೂತಿರ್ಬೇಕು.”

“ಈಗ ಮಾತ್ರ ಬೇರೆ ಎಲ್ಲಿ ಕೂತಿದೀಯ? ಮೊದ್ಲು ಈ ಕುರ್ಚಿ ಮೇಲೆ ಕೂತ್ಕೋ, ನನಗೆ ತಲೆ ಸುತ್ತತ್ತೆ.”

ಕೂರಲಿಲ್ಲ. ಅಪ್‌ಡೇಟ್ ಮಾಡಿದರೆ ಕ್ರೇನ್ ನಿಲ್ಲಬಹುದು, ಮಾಡದಿದ್ದರೆ ಕಳ್ಳ ಒಲೆಯನ್ನೇ ಆರಿಸಬಹುದು. ಯಾವ ದಾರಿ ಹಿಡಿದರೂ ಊರು ತಣ್ಣಗಾಗುವುದೇ ಅವಳ ಕಣ್ಣಿಗೆ ಕಾಣುತ್ತಿತ್ತು. ಆ ತಿಂಗಳು ಅವಳು ಉಂಡದ್ದು ನಿಂತು, ಮಾತಾಡಿದ್ದು ನಡೆಯುತ್ತ. ಕ್ರಿಸ್‌ಮಸ್ಸಿನ ಬಾತುಕೋಳಿ ಊಟದ ನಡುವೆಯೂ ಎರಡು ಸಲ ಓಡಿಹೋಗಿ ಬಂದಳು.

ಕೊನೆಗೆ ಆಂಕರ್ ಪಾಲುದಾರರ ಸಭೆ ಕರೆದ. ನಮ್ಮಲ್ಲಿ ಎಲ್ಲಕ್ಕೂ ಕೈ ಎತ್ತಿಯೇ ತೀರ್ಮಾನ. ಚಿಮಣಿಯ ಎತ್ತರಕ್ಕೂ ಕೈ ಎತ್ತಿದ್ದೆವು, ಬಾಯ್ಲರ್ ಮನೆಯ ಬಾಗಿಲಿನ ಬಣ್ಣಕ್ಕೂ ಎತ್ತಿದ್ದೆವು. ಕಂಪ್ಯೂಟರಿನ ಹೊಟ್ಟೆಯೊಳಗಿನ ವಿಷಯಕ್ಕೆ ಮಾತ್ರ ಯಾಕೆ ಬೇಡ? ಕೇಕ್ ಮುಗಿಯುವ ಮುಂಚೆ ಮತ ಹಾಕುವ ಪದ್ಧತಿ ಇಲ್ಲದ್ದರಿಂದ ಮೊದಲು ಕಾಫಿ, ಕೇಕು ಆಯಿತು. ಎಲಿನೋರ್ ಎದ್ದು, ಯಾರೋ ಒಲೆಗೆ ಕೈ ಹಾಕುತ್ತಿದ್ದಾರೆ ಎಂದಷ್ಟೇ ತಿಳಿಸಿ, ಎರಡೂ ಅಪಾಯಗಳನ್ನು ಇದ್ದಂತೆ ಹೇಳಿ, ಮೇ ತನಕ ತಾಳಿ ಎಂದು ಕೇಳಿಕೊಂಡಳು. ಜನ ಆ ಕಡೆ ಈ ಕಡೆ ತೂಗಾಡುತ್ತಿದ್ದಾಗ ಹಿಂದಿನ ಸಾಲಿನಿಂದ ಎದ್ದವನು ವಿಗೋ. ಈಗ ಎಂಬತ್ತು ದಾಟಿದ್ದರೂ ದನಿ ತಗ್ಗಿಲ್ಲ.

“ಯಾರೋ ನಮ್ಮ ಒಲೆಗೆ ಕೈ ಹಾಕ್ತಿದಾರೆ, ಅದು ನಿಜ. ನಂಗೂ ಗೊತ್ತಾಗಿದೆ. ಮೇ ಬರೋ ತನಕ ಸುಮ್ನೆ ಕೂರೋದು ನನ್ನ ಕೈಲಾಗಲ್ಲ. ಮೊದ್ಲು ಬಾಗ್ಲು ಹಾಕಿ,” ಎಂದು ಎಲ್ಲರಿಗಿಂತ ಮೊದಲು ತಾನೇ ಕೈ ಎತ್ತಿದ.

ವಿಗೋ ಎತ್ತಿದ ಮೇಲೆ ಕೇಳಬೇಕೆ? ಕೈಗಳು ಸಾಲಾಗಿ ಮೇಲೆದ್ದವು. ಎಲ್ಲರಿಗಿಂತ ಕೊನೆಗೆ, ಭಾರದ ಚೀಲ ಎತ್ತುವವಳಂತೆ, ಎಲಿನೋರಳೂ ಎತ್ತಿದಳು.

ಜನವರಿಯ ಒಂದು ಬೆಳಿಗ್ಗೆ, ಫ್ಯೋರ್ಡಿನ ಅಂಚು ಹೆಪ್ಪುಗಟ್ಟಿದ್ದಾಗ, ಅವಳು ಹಳೆಯದರ ನಕಲೊಂದನ್ನು ತೆಗೆದಿಟ್ಟುಕೊಂಡು ಹೊಸ ಸಿಸ್ಟಮ್ ಹಾಕಿದಳು. ಪ್ರೋಗ್ರಾಮ್ ತೆರೆಯಿತು. ಕ್ರೇನ್ ಹೊರಟಿತು, ಪೆಂಡಿಯ ನೆತ್ತಿಗೆ ಬಂತು, ಕೊಕ್ಕೆ ಇಳಿಸಿತು, ನಡುವೆ ನಿಂತಿತು. ಕೊಕ್ಕೆ ಇದೆಯೆಂಬುದೇ ಹೊಸ ಸಿಸ್ಟಮ್ಮಿಗೆ ತಿಳಿಯುತ್ತಿರಲಿಲ್ಲ. ಮತ್ತೆ ನಡೆಸಿದಳು, ಮತ್ತೆ ಅಲ್ಲೇ ನಿಂತಿತು. ಒಲೆಯೊಳಗಿನ ಹುಲ್ಲು ಇಳಿಯುತ್ತಲೇ ಇತ್ತು.

ಮುಂದಿನದನ್ನು ಊರು ಮಾಡಿತು. ನಾನು ಫೋನ್ ಹಿಡಿದು ಕೂತೆ. ರೈತನೊಬ್ಬ ಟ್ರ್ಯಾಕ್ಟರ್ ತಂದು ಪೆಂಡಿಗಳನ್ನು ಒಲೆಯ ಬಾಯಿಗೆ ಎಳೆದು ಹಾಕಿದ, ಉಳಿದವರು ಹಗ್ಗ ಕೊಯ್ದು ಕವೆಗೋಲಿನಲ್ಲಿ ಹುಲ್ಲು ತುಂಬಿದರು. ಪಾದ್ರಿಣಿ, ಹಲ್ಲಿನ ಡಾಕ್ಟರು, ಆಂಕರ್ ಎಲ್ಲರೂ ಸರದಿಯ ಮೇಲೆ ದುಡಿದರು. ಆಂಕರನ ಅಂಗೈ ಬೊಬ್ಬೆ ಬಂದು ಒಡೆಯಿತು, ಅವನು ಕರವಸ್ತ್ರ ಸುತ್ತಿಕೊಂಡು ಮತ್ತೆ ಕವೆಗೋಲು ಹಿಡಿದ. ಒಳಗೆ ಎಲಿನೋರ್ ಒಬ್ಬಳೇ ಹಳೆಯದನ್ನು ವಾಪಸು ಕೂರಿಸುತ್ತಿದ್ದಳು. ಹೊತ್ತು ಮುಳುಗುವ ಹೊತ್ತಿಗೆ ಕ್ರೇನ್ ಪೆಂಡಿ ಎತ್ತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರಿಗೂ ಮನೆಗೆ ಹೋದರೆ ಸಾಕಾಗಿತ್ತು.

ಆಮೇಲೆ ಅವಳು ಇಂಟರ್ನೆಟ್ಟಿನ ತಂತಿಯನ್ನು ಕಿತ್ತುಹಾಕಿ, ಮಡಿಸುವ ಮಂಚವೊಂದನ್ನು ಬಾಯ್ಲರ್ ಮನೆಗೆ ಸಾಗಿಸಿದಳು. ಮೇ ಬರುವ ತನಕ ಅಲ್ಲೇ ವಾಸ.

“ಅಂತೂ ಮೇಜು ಸಿಕ್ತು, ಹೆಂಡ್ತಿ ಹೋದ್ಲು,” ಎಂದ ಎವಾಲ್ಡ್. ಆದರೂ ದಿನಾ ಊಟ ಹೊತ್ತುಕೊಂಡು ಹೋದ.

ತಂತಿ ಕಿತ್ತ ಮೇಲೆ ಬಿಸಿ ತಾನಾಗಿ ಏರುವುದು ನಿಂತಿತು. ಕಳ್ಳ ಹೊರಗುಳಿದ ಎಂದು ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನು ಇನ್ನೆಲ್ಲಿಂದ ಬರುತ್ತಾನೋ ಎಂದು ಬಾಯ್ಲರಿನ ಸುತ್ತ ತಿರುಗುತ್ತಿದ್ದಳು. ಒಂದು ಮಧ್ಯಾಹ್ನ ವಿಗೋ ನನಗೆ ಫೋನ್ ಮಾಡಿದ.

“ಗ್ರೇಥೆ, ನಂಗೆ ಒಲೆ ಕಾಣ್ತಿಲ್ಲ. ಪರದೆ ಖಾಲಿ ಬರ್ತಿದೆ. ಪಾಸ್‌ವರ್ಡ್ ಏನಾದ್ರೂ ಬದ್ಲಾಯ್ಸಿದ್ರಾ?”

ಎಲಿನೋರಳಿಗೆ ಹೇಳಿದೆ. ಅವಳ ಮುಖ ಒಂದು ಥರಾ ಆಯಿತು. ಎವಾಲ್ಡನನ್ನು ಬಾಯ್ಲರ್ ಎದುರು ಕೂರಿಸಿ ನನ್ನ ಕಾರು ಹತ್ತಿದಳು. ವಿಗೋನದು ಫ್ಯೋರ್ಡಿಗೆ ಅಂಟಿದ ಮನೆ, ಕೊಳವೆ ಮುಗಿಯುವ ಜಾಗ; ಅಲ್ಲಿಗೆ ತಲುಪುವಷ್ಟರಲ್ಲಿ ನೀರಿನ ಬಿಸಿ ಆರಿರುತ್ತದೆ. ಒಳಗೆ ಅವನ ಹೆಂಡತಿ ಆಸ್ಟಾ ರಜಾಯಿ ಹೊದ್ದು, ಕೈಗಳಿಗೆ ಉಣ್ಣೆಯ ಕಾಲುಚೀಲ ತೊಟ್ಟು ಕೂತಿದ್ದಳು. ಬೇಸಿಗೆಯಲ್ಲಿ ಆಪರೇಷನ್ ಆದಾಗಿನಿಂದ ಅವಳ ಮೈ ಬಿಸಿ ಹಿಡಿಯುತ್ತಿರಲಿಲ್ಲವಂತೆ. ಎಲಿನೋರ್ ರೇಡಿಯೇಟರ್ ಮುಟ್ಟಿದಳು, ನಾನೂ ಮುಟ್ಟಿದೆ. ಬರೀ ಉಗುರುಬೆಚ್ಚಗಿತ್ತು.

“ಇವಳು ಮಧ್ಯಾಹ್ನ ಮಲಗಿ ಏಳೋಷ್ಟರಲ್ಲಿ ಎರಡು ಡಿಗ್ರಿ ಏರಿಸಿ ಇಡ್ತಿದ್ದೆ,” ಎಂದ ವಿಗೋ. “ಈಗ ಒಳಗೇ ಹೋಗಕ್ಕಾಗ್ತಿಲ್ಲ.”

“ನಂಗೊಂದು ಮಾತು ಹೇಳ್ಬಾರ್ದಿತ್ತಾ ನೀನು?” ಎಂದಳು ಎಲಿನೋರ್.

“ಏನಂತ ಹೇಳ್ಲಿ? ಕೊನೇ ಮನೆಗೂ ಮೊದಲನೇ ಮನೆಯಷ್ಟೇ ಬಿಸಿ ಬರತ್ತೆ ಅಂತ ಊರಿಗೆಲ್ಲ ಮಾತು ಕೊಟ್ಟೋನು ನಾನು. ಆ ಕೊನೇ ಮನೆ ನಂದೇ.”

ಇಷ್ಟು ಚಳಿಯಲ್ಲಿ ಕೂತು ಮರ್ಯಾದೆ ಕಾಯ್ದುಕೊಂಡ ಆ ಮುದುಕನ ಮೇಲೆ ನನಗೆ ಕನಿಕರದ ಜೊತೆ ಸಿಟ್ಟೂ ಬಂತು. ಆಸ್ಟಾ ಮಾತ್ರ ಕಾಫಿಯ ಬಿಸಿ ಲೋಟಕ್ಕೆ ಎರಡೂ ಕೈ ಒತ್ತಿಕೊಂಡು ನಕ್ಕಳು.

“ಏರ್ಸಿ ಏನ್ ಬಂತು? ಇವನು ಏರ್ಸಿದ ಸ್ವಲ್ಪ ಹೊತ್ತಿಗೇ ಯಾವನೋ ಇಳಿಸ್ತಿದ್ದ. ದಿನಾ ಇದೇ ಕತೆ. ಆ ಕಳ್ಳನ್ನ ಓಡ್ಸಬೇಕು ಅಂತಾನೇ ಇವನು ಸಭೇಲಿ ಕೈ ಎತ್ತಿದ್ದು. ಸಿಕ್ಕಿದ್ನಾ ಎಲಿನೋರ್, ಅವನು?”

ಎಲಿನೋರ್ ಆಸ್ಟಾಳ ಕುರ್ಚಿಯ ಮುಂದೆ ಮಂಡಿಯೂರಿ ಕೂತು, ಆ ಕಾಲುಚೀಲದ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದುಕೊಂಡಳು.

“ಸಿಕ್ದ ಆಸ್ಟಾ,” ಎಂದಳು. “ಅದು ನಾನೇ.”